ಡೈರಿಯಲ್ಲಿ ಬರೆದಿದ್ದ ‘ಹ್ಯಾಂಕಿ’ ಅಂದರೆ ಏನು?

ಜೂನ್ ಮೊದಲ ವಾರ. ಮಗಳ ಎಲ್‌ಕೆಜಿ ಡೈರಿಯಲ್ಲಿ ಒಂದು ಚೀಟಿ ಅಂಟಿಸಿದ್ದರು. ದಿನಾ ಒಂದು ನ್ಯಾಪ್ಕಿನ್, ಎರಡು ಹ್ಯಾಂಕಿ ಕಳಿಸಬೇಕು, ಹ್ಯಾಂಕಿಗಳಲ್ಲಿ ಒಂದನ್ನು ಅಂಗಿಗೆ ಪಿನ್ ಹಾಕಿರಬೇಕು ಅಂತ. ಸಂಜೆಯೊಳಗೆ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆಗಳ ಮಳೆ. ಹ್ಯಾಂಕಿ ಅಂದ್ರೆ ಸಣ್ಣ ಟವೆಲ್ಲಾ? ಟಿಶ್ಯೂ ಪೇಪರ್ ಕಳಿಸಿದ್ರೆ ಆಗುತ್ತಾ? ನ್ಯಾಪ್ಕಿನ್ ಬೇರೆ, ಹ್ಯಾಂಕಿ ಬೇರೆಯಾ? ಒಬ್ಬರು ‘ಹ್ಯಾಂಕಿ ಪ್ಯಾಂಕಿ ಅಂತಾರಲ್ಲ, ಅದು ಒಳ್ಳೆ ಮಾತು ಅಲ್ಲ ಅಲ್ವಾ?’ ಅಂತ ಬರೆದು, ಆಮೇಲೆ ಅಳಿಸಿದರು. ಅಷ್ಟರಲ್ಲಿ ಎಲ್ಲರೂ ಓದಿಯಾಗಿತ್ತು.

ನಮ್ಮ ಮನೆಯೊಳಗೇ ಮೂರು ಹೆಸರು. ನಾನು ಕರ್ಚೀಫ್ ಅನ್ನುತ್ತೇನೆ. ಕಲಬುರಗಿ ಕಡೆಯವರಾದ ನಮ್ಮ ಅತ್ತೆಗೆ ಅದು ದಸ್ತಿ. ಮಗಳು ಶಾಲೆಗೆ ಹೋದ ಎರಡನೇ ದಿನಕ್ಕೇ ‘ಹ್ಯಾಂಕಿ’ ಅಂತ ಶುರು ಮಾಡಿದಳು. ಮೂರೂ ಒಂದೇ ವಸ್ತು. ಆದರೆ ಈ ಹೆಸರುಗಳ ಹಿಂದೆ ಹೋದರೆ ತಲೆಯೂ ಕೈಯೂ ಅದಲುಬದಲಾದ ಒಂದು ತಮಾಷೆ ಇದೆ. ಮೊದಲು ಡೈರಿಯ ಪ್ರಶ್ನೆ ಮುಗಿಸೋಣ.

ನೇರ ಉತ್ತರ

ಹ್ಯಾಂಕಿ ಅಂದರೆ ಕರ್ಚೀಫ್. ಹ್ಯಾಂಡ್‌ಕರ್ಚೀಫ್ ಅನ್ನುವ ಉದ್ದ ಇಂಗ್ಲಿಷ್ ಪದದ ಮುದ್ದಿನ, ಮನೆಮಾತಿನ ರೂಪ. ಜೇಬಿನಲ್ಲಿ ಇಟ್ಟುಕೊಂಡು ಮೂಗು, ಬೆವರು, ಕಣ್ಣೀರು ಒರೆಸುವ ಚೌಕದ ಬಟ್ಟೆ. ಗಂಡಸರದ್ದು ಸಾಮಾನ್ಯವಾಗಿ ಪ್ರತಿ ಬದಿ 40 ಸೆಂ.ಮೀ. ಸುಮಾರಿಗೆ ಇರುತ್ತದೆ. ಹೆಂಗಸರದ್ದು, ಮಕ್ಕಳದ್ದು ಅದಕ್ಕಿಂತ ಚಿಕ್ಕದು.

ಶಾಲೆಯವರು ನ್ಯಾಪ್ಕಿನ್ ಅಂದಿದ್ದು ಬೇರೆ. ಅದು ಊಟದ ಡಬ್ಬಿಯ ಜೊತೆ ಇಡುವ, ತೊಡೆ ಮೇಲೆ ಹಾಸಿಕೊಳ್ಳುವ, ಬಾಯಿ ಒರೆಸುವ ಬಟ್ಟೆ. ಟಿಶ್ಯೂ ಅಂದರೆ ಒಮ್ಮೆ ಬಳಸಿ ಎಸೆಯುವ ಕಾಗದ. ಹ್ಯಾಂಕಿ ಒಗೆದು ಮತ್ತೆ ಬಳಸುವಂಥದ್ದು. ಗುಂಪಿನಲ್ಲಿ ಇಷ್ಟನ್ನು ಬರೆದೆ. ಎಲ್ಲರೂ ಹೆಬ್ಬೆರಳು ಎತ್ತಿ ಸುಮ್ಮನಾದರು. ನನಗೆ ಮಾತ್ರ ಸುಮ್ಮನಿರೋಕೆ ಆಗಲಿಲ್ಲ.

ಕೈಗೆ ಬಂದ ತಲೆಬಟ್ಟೆ

ಹ್ಯಾಂಡ್‌ಕರ್ಚೀಫ್ ಅನ್ನುವುದನ್ನು ಬಿಡಿಸಿ ನೋಡಿದರೆ ನಗು ಬರುತ್ತದೆ. ಹ್ಯಾಂಡ್ ಅಂದರೆ ಕೈ, ಅದು ಗೊತ್ತೇ ಇದೆ. ಕರ್ಚೀಫ್ ಅನ್ನುವ ಭಾಗ ಇಂಗ್ಲಿಷಿನದ್ದಲ್ಲ, ಹಳೆಯ ಫ್ರೆಂಚಿನದ್ದು. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ, ಆಳುವವರ ಮಾತಿನಿಂದ ಸಾವಿರಾರು ಪದಗಳು ಇಂಗ್ಲಿಷಿಗೆ ಬಂದವು. ಅವುಗಳಲ್ಲಿ ಇದೂ ಒಂದು. ಫ್ರೆಂಚಿನಲ್ಲಿ ಕುವ್ರ್ ಅಂದರೆ ಮುಚ್ಚು. ಶೆಫ್ ಅಂದರೆ ತಲೆ. ಎರಡೂ ಸೇರಿ ‘ತಲೆ ಮುಚ್ಚುವುದು’. ಹೆಂಗಸರು ತಲೆಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆಗೆ ಆ ಹೆಸರು. ಇಂಗ್ಲಿಷರ ಬಾಯಲ್ಲಿ ಅದು ಸವೆದು ಸವೆದು ಕರ್ಚೀಫ್ ಆಯಿತು.

ಆ ‘ಶೆಫ್’ ನಮಗೆ ಹೊಸಬನೇನಲ್ಲ. ಹೋಟೆಲ್ ಅಡುಗೆಮನೆಯ ಶೆಫ್, ಆಫೀಸಿನ ಚೀಫ್, ಇಬ್ಬರೂ ಅದೇ ಮನೆಯವರು. ಗುಂಪಿಗೆ ತಲೆಯಾಗಿ ಇರುವವರು ಅಂತ ಅರ್ಥ. ‘ಮುಚ್ಚು’ ಅನ್ನುವ ಮೊದಲ ಭಾಗಕ್ಕೂ ನಮಗೆ ಗೊತ್ತಿರುವ ನೆಂಟ ಒಬ್ಬ ಇದ್ದಾನೆ: ಕರ್ಫ್ಯೂ. ಹಿಂದಿನ ಕಾಲದ ಯುರೋಪಿನಲ್ಲಿ ರಾತ್ರಿ ಒಂದು ಗಂಟೆ ಬಾರಿಸುತ್ತಿದ್ದರು. ಮನೆಯ ಒಲೆಯ ಬೆಂಕಿ ಮುಚ್ಚಿ ಮಲಗಿ ಅಂತ ಅದರ ಅರ್ಥ. ಮರ, ಹುಲ್ಲಿನ ಮನೆಗಳಲ್ಲಿ ಬೆಂಕಿ ಹಾಗೇ ಬಿಟ್ಟರೆ ಊರೇ ಸುಡುತ್ತಿತ್ತಲ್ಲ. ‘ಬೆಂಕಿ ಮುಚ್ಚು’ ಅನ್ನುವ ಆ ಫ್ರೆಂಚ್ ಮಾತೇ ಕರ್ಫ್ಯೂ. ಕರ್ಚೀಫಿನ ‘ಕರ್’, ಕರ್ಫ್ಯೂವಿನ ‘ಕರ್’ ಎರಡೂ ಒಂದೇ. 2020ರಲ್ಲಿ ಮುಖಕ್ಕೆ ಕರ್ಚೀಫು, ಊರಿಗೆ ಕರ್ಫ್ಯೂ ಅಂತ ಎರಡನ್ನೂ ಒಟ್ಟಿಗೆ ಕಂಡವರು ನಾವು.

ಇಲ್ಲಿ ಒಂದು ಬಲೆ ಇದೆ, ಬೀಳಬೇಡಿ. ನಮ್ಮ ‘ಕರವಸ್ತ್ರ’ದ ಕರ ಅಂದರೆ ಕೈ. ಹಾಗಾಗಿ ಕರ್ಚೀಫಿನಲ್ಲೂ ಅದೇ ಕರ ಇದೆ ಅಂತ ಅನಿಸುತ್ತದೆ. ಇಲ್ಲ. ಒಂದು ಸಂಸ್ಕೃತದ ಕೈ, ಇನ್ನೊಂದು ಫ್ರೆಂಚಿನ ಮುಚ್ಚಳ. ದನಿ ಹೊಂದಿದ್ದು ಬರೀ ಕಾಕತಾಳೀಯ.

ತಲೆಗೆ ಕಟ್ಟುವ ಬಟ್ಟೆಯಂಥದ್ದನ್ನೇ ಜನ ಕೈಯಲ್ಲಿ ಹಿಡಿದುಕೊಂಡು ಓಡಾಡಲು ಶುರುಮಾಡಿದಾಗ ‘ಕೈಯ ತಲೆಬಟ್ಟೆ’ ಅಂತ ಕರೆದರು. 16ನೇ ಶತಮಾನದ ಇಂಗ್ಲಿಷಿನಲ್ಲಿ ಹ್ಯಾಂಡ್‌ಕರ್ಚೀಫ್ ಕಾಣಿಸುತ್ತದೆ. ಕುತ್ತಿಗೆಗೆ ಕಟ್ಟಿದ್ದು ನೆಕ್ಕರ್ಚೀಫ್, ಅಂದರೆ ‘ಕುತ್ತಿಗೆಯ ತಲೆಬಟ್ಟೆ’. ಕೊನೆಗೆ ಜೇಬಿನಲ್ಲಿ ಇಟ್ಟಾಗ ಪಾಕೆಟ್ ಹ್ಯಾಂಡ್‌ಕರ್ಚೀಫ್. ಬಿಡಿಸಿ ಹೇಳಿದರೆ ‘ಜೇಬಿನ ಕೈಯ ತಲೆ ಮುಚ್ಚುವ ಬಟ್ಟೆ’. ನಾವು ‘ಗೇಟು ಬಾಗಿಲು’ ಅಂದಾಗ ನಗುವವರು ಇದನ್ನೂ ಒಮ್ಮೆ ನೋಡಬೇಕು.

ವಸ್ತು ಮಾತ್ರ ಹೆಸರಿಗಿಂತ ಹಳೆಯದು. ಇಂಗ್ಲೆಂಡನ್ನು 1377ರಿಂದ 1399ರವರೆಗೆ ಆಳಿದ ಎರಡನೇ ರಿಚರ್ಡ್ ದೊರೆಯ ಅರಮನೆ ಲೆಕ್ಕಪತ್ರದಲ್ಲಿ, ದೊರೆ ಕೈಯಲ್ಲಿ ಹಿಡಿದು ಮೂಗು ಒರೆಸಿಕೊಳ್ಳಲು ಮಾಡಿಸಿದ ಸಣ್ಣ ಬಟ್ಟೆ ತುಂಡುಗಳ ಖರ್ಚು ಇದೆ. ಆಗಿನ್ನೂ ಅದಕ್ಕೊಂದು ಹೆಸರಿಲ್ಲ. ಗುಮಾಸ್ತ ಪಾಪ ಅದರ ಕೆಲಸವನ್ನೇ ಪೂರ್ತಿ ವಿವರಿಸಿ ಬರೆದಿದ್ದಾನೆ.

ಉದ್ದ ಪದ ಮುದ್ದಾಗಿದ್ದು ಹೇಗೆ?

ಇಂಗ್ಲಿಷಿನಲ್ಲಿ ಒಂದು ಪದ ಉದ್ದ ಆದಾಗ, ಅಥವಾ ಅದರ ಮೇಲೆ ಸಲಿಗೆ ಬಂದಾಗ, ತಲೆಭಾಗ ಇಟ್ಟುಕೊಂಡು ಉಳಿದದ್ದನ್ನು ಕತ್ತರಿಸಿ ಕೊನೆಗೆ ‘ಇ’ ಅಂತ ಒಂದು ಬಾಲ ಸೇರಿಸುವ ರೂಢಿ ಇದೆ. ನೈಟ್‌ಡ್ರೆಸ್ ನೈಟಿ ಆಗಿದ್ದು ಹೀಗೆ. ನಮ್ಮಲ್ಲಿ ಹಾಲು ತರುವುದರಿಂದ ಹಿಡಿದು ತರಕಾರಿ ಗಾಡಿಯವರ ಹತ್ತಿರ ಚೌಕಾಸಿವರೆಗೆ ಎಲ್ಲಕ್ಕೂ ಆಗುವ ಆ ನೈಟಿ ಹ್ಯಾಂಕಿಯ ಸ್ವಂತ ಅಕ್ಕ. ಬುಕ್‌ಮೇಕರ್ ಹೋಗಿ ಬುಕ್ಕಿ, ಟೆಲಿವಿಷನ್ ಹೋಗಿ ಟೆಲ್ಲಿ. ಆಕ್ಸ್‌ಫರ್ಡ್ ನಿಘಂಟಿನವರು 2013ರ ವರ್ಷದ ಪದ ಅಂತ ಆರಿಸಿದ ಸೆಲ್ಫಿ ಕೂಡ ಇದೇ ಅಚ್ಚಿನಲ್ಲಿ ಎರಕ ಹೊಯ್ದದ್ದು.

ಇದು ನಮಗೆ ಅರ್ಥವಾಗದ ಸಂಗತಿಯೇನಲ್ಲ. ವೆಂಕಟೇಶ ವೆಂಕಿ ಆಗುತ್ತಾನೆ, ನಾರಾಯಣ ನಾಣಿ ಆಗುತ್ತಾನೆ, ಪದ್ಮ ಪದ್ದಿ ಆಗುತ್ತಾಳೆ. ವೆಂಕಟೇಶನಿಂದ ವೆಂಕಿ ಬಂದ ದಾರಿ, ಹ್ಯಾಂಡ್‌ಕರ್ಚೀಫಿನಿಂದ ಹ್ಯಾಂಕಿ ಬಂದ ದಾರಿ ಹೆಚ್ಚುಕಡಿಮೆ ಒಂದೇ. ಎರಡರ ಬಳಕೆಯ ನಿಯಮವೂ ಒಂದೇ ಅನ್ನುವುದನ್ನು ಮುಂದೆ ನೋಡೋಣ.

ಹ್ಯಾಂಕಿ ಅನ್ನುವ ರೂಪ 19ನೇ ಶತಮಾನದ ಕೊನೆಯ ಹೊತ್ತಿಗೆ ಬರಹದಲ್ಲಿ ಕಾಣಿಸುತ್ತದೆ. ಮೊದಲು ಅದು ಇಂಗ್ಲೆಂಡಿನ ಮನೆಗಳ ನರ್ಸರಿ ಕೋಣೆಯ ಮಾತು. ಅಂದರೆ ಪುಟ್ಟ ಮಕ್ಕಳೂ ಅವರನ್ನು ನೋಡಿಕೊಳ್ಳುವ ದಾದಿಯರೂ ಆಡುತ್ತಿದ್ದ ಪದ. ನಾವು ‘ಬೂವಾ’, ‘ಚಾಚಿ’ ಅಂದಹಾಗೆ. ನರ್ಸರಿಯಲ್ಲಿ ಹುಟ್ಟಿದ ಪದ ನಮ್ಮ ಮನೆಗೂ ನರ್ಸರಿ ಶಾಲೆಯ ಡೈರಿಯ ಮೂಲಕವೇ ಬಂತು!

ಹಾಗಾದರೆ ‘ಡ’ ಎಲ್ಲಿ ಹೋಯಿತು?

ಹ್ಯಾಂಡ್‌ನಿಂದ ಬಂದದ್ದಾದರೆ ‘ಹ್ಯಾಂಡಿ’ ಆಗಬೇಕಿತ್ತಲ್ಲ ಅಂತ ಅತ್ತೆ ಕೇಳಿದರು. ನ್ಯಾಯವಾದ ಪ್ರಶ್ನೆ.

ಉತ್ತರ ಉಚ್ಚಾರಣೆಯಲ್ಲಿದೆ. ನಾವು ಬರೆದಹಾಗೆ ಓದುವವರು, ಹ್ಯಾಂಡ್-ಕರ್ಚೀಫ್ ಅಂತ ಬಿಡಿಸಿ ಹೇಳುತ್ತೇವೆ. ಇಂಗ್ಲಿಷರು ಆ ‘ಡ್’ ಹೇಳುವುದೇ ಇಲ್ಲ. ಅವರ ಬಾಯಲ್ಲಿ ಅದು ಹ್ಯಾಂಕಚಿಫ್. ವೆಡ್ನೆಸ್‌ಡೇ ಅಂತ ಬರೆದು ವೆನ್ಸ್‌ಡೇ ಅನ್ನುವಹಾಗೆ. ‘ನ್’, ‘ಡ್’, ‘ಕ್’ ಮೂರು ವ್ಯಂಜನ ಸಾಲಾಗಿ ಬಂದಾಗ ನಡುವಿನದು ನುಂಗಿಹೋಗುತ್ತದೆ. ಆಮೇಲೆ ‘ನ್’ ನೇರವಾಗಿ ‘ಕ್’ ಪಕ್ಕ ಬಂದು ಕೂರುತ್ತದೆ. ‘ಕ್’ ಹೇಳಲು ನಾಲಿಗೆಯ ಹಿಂಭಾಗ ಮೇಲೇಳಬೇಕು. ಆ ತಯಾರಿಯಲ್ಲಿ ‘ನ್’ ಕೂಡ ಗಂಟಲ ಕಡೆ ಸರಿದು ‘ಙ್’ ಆಗುತ್ತದೆ.

ನಮ್ಮ ವರ್ಣಮಾಲೆಯಲ್ಲಿ ಕ ಖ ಗ ಘ ಆದಮೇಲೆ ಬರುವ, ವಾಙ್ಮಯದಂಥ ಅಪರೂಪದ ಪದ ಬಿಟ್ಟರೆ ನೆಟ್ಟಗೆ ಕಾಣಿಸದ ಆ ‘ಙ’ ಇದೆಯಲ್ಲ, ಅದು ಇದೇ. ಅಂಕ, ಶಂಕೆ, ಬೆಂಕಿ ಅನ್ನುವಾಗ ಸೊನ್ನೆಯ ಜಾಗದಲ್ಲಿ ನಾವು ಹೇಳುವುದು ಈ ದನಿಯನ್ನೇ. ಹಾಗಾಗಿ ಕನ್ನಡದಲ್ಲಿ ‘ಹ್ಯಾಂಕಿ’ ಅಂತ ಸೊನ್ನೆ ಹಾಕಿ ಬರೆದು ಬೆಂಕಿಯ ಹಾಗೆ ಓದಿದರೆ ಉಚ್ಚಾರಣೆ ಸರಿಯಾಗಿ ಬಂದುಬಿಡುತ್ತದೆ. ಇಂಗ್ಲಿಷ್ ಕಾಗುಣಿತದಲ್ಲಿ ಇದು ಕಾಣುವುದಿಲ್ಲ. ನಮ್ಮ ಸೊನ್ನೆ ಅದನ್ನು ಹಿಡಿಯುತ್ತದೆ.

ಸ್ಪೆಲ್ಲಿಂಗ್ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಕೊನೆಗೆ ವೈ ಒಂದನ್ನೇ ಹಾಕಿ ಬರೆಯುವುದೂ ಸರಿ, ಐ ಇ ಎರಡನ್ನೂ ಹಾಕಿ ಬರೆಯುವುದೂ ಸರಿ. ಒಂದಕ್ಕಿಂತ ಜಾಸ್ತಿ ಇದ್ದಾಗ ಎರಡೂ ಕಡೆ ಒಂದೇ ರೂಪ, ಹ್ಯಾಂಕೀಸ್. ನಮ್ಮ ಡೈರಿಯಲ್ಲಿ ಕೆ ಆದಮೇಲೆ ಇ ವೈ ಅಂತ ಬರೆದಿದ್ದರು. ಅದು ತಪ್ಪು.

ಎಲ್ಲಿ ಹೇಳಬಹುದು, ಎಲ್ಲಿ ಬೇಡ?

ವೆಂಕಿಯ ನಿಯಮ ಈಗ ನೆನಪಿಸಿಕೊಳ್ಳಿ. ಮನೆಯಲ್ಲಿ, ಗೆಳೆಯರ ನಡುವೆ ವೆಂಕಿ. ಮದುವೆ ಕರೆಯೋಲೆಯಲ್ಲಿ, ಜಮೀನಿನ ಪತ್ರದಲ್ಲಿ ವೆಂಕಟೇಶ. ಹ್ಯಾಂಕಿಯದ್ದೂ ಅಷ್ಟೇ. ಮಕ್ಕಳಿಗೆ, ಮನೆಯವರಿಗೆ, ಸಹೋದ್ಯೋಗಿಗೆ ಧಾರಾಳವಾಗಿ ಹೇಳಬಹುದು. ಅಂಗಡಿಯಲ್ಲೂ ನಡೆಯುತ್ತದೆ. ಪೊಲೀಸ್ ದೂರಿನಲ್ಲೋ ಕೋರ್ಟಿನ ಕಾಗದದಲ್ಲೋ ಬರೆಯುವಾಗ ಪೂರ್ತಿ ಪದ ಬೇಕು. ಹ್ಯಾಂಕಿ ಕೆಟ್ಟ ಪದ ಅಂತಲ್ಲ, ತುಂಬ ಸಲಿಗೆಯ ಪದ ಅಂತ.

ಈ ಸಲಿಗೆ ಎಷ್ಟು ಅಂತ ತಿಳಿಯಲು ಷೇಕ್ಸ್‌ಪಿಯರನ ‘ಒಥೆಲೊ’ ನೆನಪಿಸಿಕೊಂಡರೆ ಸಾಕು. ಆ ದುರಂತ ನಾಟಕದಲ್ಲಿ ಹೆಂಡತಿಯ ಮೇಲಿನ ಸಂಶಯ ಗಟ್ಟಿಯಾಗುವುದೇ ಕಳೆದುಹೋದ ಒಂದು ಹ್ಯಾಂಡ್‌ಕರ್ಚೀಫಿನಿಂದ. ಆ ಜಾಗದಲ್ಲಿ ಒಥೆಲೊ ‘ನನ್ನ ಹ್ಯಾಂಕಿ ಎಲ್ಲಿ?’ ಅಂತ ಕೇಳಿದ್ದರೆ ಪ್ರೇಕ್ಷಕರು ನಕ್ಕು ಎದ್ದುಹೋಗುತ್ತಿದ್ದರು.

ಭಾರತದಿಂದ ಹೋದವರಿಗೆ ಇನ್ನೊಂದು ತೊಡಕು ಇದೆ. ನಾವು ‘ಹ್ಯಾಂಡ್’ ಬಿಟ್ಟು ಬರೀ ಕರ್ಚೀಫ್ ಅನ್ನುತ್ತೇವೆ. ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಲಂಡನ್ನಿನ ಅಂಗಡಿಯಲ್ಲಿ ಹಾಗೆ ಕೇಳಿದರೆ ಅವರು ತಲೆಗೆ ಕಟ್ಟುವ ಸ್ಕಾರ್ಫ್ ತೋರಿಸಬಹುದು. ಎರಡನೇ ಎಲಿಜಬೆತ್ ರಾಣಿ ಕುದುರೆ ಸವಾರಿಗೆ ಹೋಗುವಾಗ ಗದ್ದದ ಕೆಳಗೆ ಗಂಟು ಹಾಕಿ ಕಟ್ಟುತ್ತಿದ್ದರಲ್ಲ, ಅಂಥದ್ದು. ಅಲ್ಲಿ ಕರ್ಚೀಫ್ ಇನ್ನೂ ತಲೆಯ ಮೇಲೇ ಇದೆ. ಹ್ಯಾಂಕಿ ಅಂದರೆ ಮಾತ್ರ ಅಲ್ಲೂ ಇಲ್ಲೂ ಗೊಂದಲವಿಲ್ಲ. ಹೀಗಾಗಿ, ಚಿಕ್ಕ ಮಕ್ಕಳ ಪದ ಅನಿಸಿದರೂ ಪ್ರಯಾಣದಲ್ಲಿ ನಂಬಿಕಸ್ತ ಪದ ಅದೇ.

ಕೋಟಿನ ಎದೆಯ ಜೇಬಿನಿಂದ ತುದಿ ಇಣುಕುವ ರೇಷ್ಮೆ ಬಟ್ಟೆಗೆ ಹ್ಯಾಂಕಿ ಅನ್ನಬೇಡಿ. ಅದು ಪಾಕೆಟ್ ಸ್ಕ್ವೇರ್, ನೋಡಲು ಮಾತ್ರ. ಅದರಲ್ಲಿ ಮೂಗು ಒರೆಸಿದರೆ ಮದುಮಗನಾದರೂ ಬೈಸಿಕೊಳ್ಳುತ್ತಾನೆ.

ಆ ಇನ್ನೊಂದು ಪದ

ಅಳಿಸಿದ ಮೆಸೇಜಿಗೆ ಬರೋಣ. ಹ್ಯಾಂಕಿ ಪ್ಯಾಂಕಿ ಅಂದರೆ ಮೊದಲು ಮೋಸ, ಕಣ್ಕಟ್ಟು ಅಂತ ಅರ್ಥವಿತ್ತು. ಈಗ ಹೆಚ್ಚಾಗಿ ಗುಟ್ಟಾಗಿ ನಡೆಯುವ ಸರಸಕ್ಕೆ, ಅಥವಾ ಲೆಕ್ಕದಲ್ಲಿ ಮಾಡುವ ಗೋಲ್‌ಮಾಲಿಗೆ ಹಾಗನ್ನುತ್ತಾರೆ. 1841ರಷ್ಟು ಹಿಂದೆಯೇ ಅದು ಇಂಗ್ಲೆಂಡಿನಲ್ಲಿ ಅಚ್ಚಾಗಿದೆ. ಕರ್ಚೀಫಿನ ಅರ್ಥದ ಹ್ಯಾಂಕಿ ಬರಹಕ್ಕೆ ಬಂದದ್ದು ಅದಾದ ಎಷ್ಟೋ ದಶಕಗಳ ಮೇಲೆ. ಮಗ ಅಪ್ಪನಿಗಿಂತ ಮೊದಲು ಹುಟ್ಟಲಾರ. ಜಾದೂಗಾರರ ಹೋಕಸ್ ಪೋಕಸ್ ಇದೆಯಲ್ಲ, ಅದರ ದನಿಯನ್ನೇ ತಿರುಚಿ ಮಾಡಿದ್ದು ಅಂತ ನಿಘಂಟುಕಾರರು ಊಹಿಸುತ್ತಾರೆ. ನಮ್ಮ ಅಡ್ಡಾದಿಡ್ಡಿ, ಅಗಡಂ ಬಗಡಂ ತರಹದ ಜೋಡಿ ಪದ. ಡೈರಿಯ ಹ್ಯಾಂಕಿಗೂ ಅದಕ್ಕೂ ಸಂಬಂಧವಿಲ್ಲ, ಆ ಪೋಷಕರು ನೆಮ್ಮದಿಯಾಗಿ ಮಲಗಬಹುದು.

ಕೈಮಗ್ಗದ ಊರಿನವರಿಗೆ ಹ್ಯಾಂಕ್ ಅನ್ನುವ ಇನ್ನೊಂದು ಪದ ಗೊತ್ತಿರುತ್ತದೆ. ನೂಲಿನ ಲಡಿಗೆ ಹಾಗನ್ನುತ್ತಾರೆ. ಹತ್ತಿ ನೂಲಾದರೆ ಒಂದು ಹ್ಯಾಂಕಿನಲ್ಲಿ 840 ಗಜ. ಬಟ್ಟೆಯ ಲೋಕದ್ದೇ ಆದರೂ ಅದೂ ಇದಕ್ಕೆ ನೆಂಟನಲ್ಲ.

ನಿಜವಾಗಿ ಹ್ಯಾಂಕಿಯಿಂದಲೇ ಹುಟ್ಟಿದ ಮಾತೂ ಇದೆ. ಅಳಿಸುವ ಸಿನಿಮಾಕ್ಕೆ ಅಮೆರಿಕದವರು ‘ಮೂರು ಹ್ಯಾಂಕಿ ಸಿನಿಮಾ’ ಅನ್ನುತ್ತಾರೆ. ಒಂದು ಸಾಲದು, ಮೂರು ಒದ್ದೆಯಾಗುತ್ತವೆ ಅಂತ. ನಮ್ಮಲ್ಲೂ ಅಂಥ ಸಿನಿಮಾಗಳಿಗೆ ಸೆರಗು ಒದ್ದೆಯಾಗುತ್ತಿತ್ತು, ಲೆಕ್ಕ ಮಾತ್ರ ಯಾರೂ ಇಟ್ಟಿರಲಿಲ್ಲ.

ಕಾಗದ ಬಂದು ಬಟ್ಟೆ ಹಿಂದೆ ಸರಿದದ್ದು

ಕ್ಲೀನೆಕ್ಸ್ ಅನ್ನುವ ಕಾಗದದ ಟಿಶ್ಯೂ 1924ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಾಗ, ಅದು ಮುಖಕ್ಕೆ ಹಚ್ಚಿದ ಕ್ರೀಮ್ ಒರೆಸಲು ಮಾಡಿದ್ದು. ಜನ ಅದರಲ್ಲಿ ಮೂಗು ಒರೆಸತೊಡಗಿದರು. 1930ರ ಹೊತ್ತಿಗೆ ಕಂಪನಿಯೇ ದಾರಿ ಬದಲಿಸಿ, ನೆಗಡಿಯನ್ನು ಜೇಬಿನಲ್ಲಿ ಹೊತ್ತು ತಿರುಗಬೇಡಿ ಅಂತ ಜಾಹೀರಾತು ಕೊಟ್ಟಿತು. ಹ್ಯಾಂಕಿಗೆ ಅದು ದೊಡ್ಡ ಪೆಟ್ಟು. ಮಾತಿನಲ್ಲಿ ಅರ್ಥವೂ ಇತ್ತು. ನೆಗಡಿ ಇರುವಾಗ ಒದ್ದೆ ಬಟ್ಟೆಯನ್ನು ಮಡಚಿ ಮತ್ತೆ ಮತ್ತೆ ತೆಗೆದರೆ ಕೈಗೂ ಜೇಬಿಗೂ ಸೋಂಕು ಅಂಟುತ್ತದೆ. ನೆಗಡಿಯ ದಿನ ಟಿಶ್ಯೂ ಬಳಸಿ ಎಸೆಯುವುದು, ಏನೂ ಇಲ್ಲದಿದ್ದರೆ ಮೊಣಕೈ ಮಡಚಿ ಸೀನುವುದು ಒಳ್ಳೆಯದು ಅಂತ ವೈದ್ಯರು ಹೇಳುತ್ತಾರೆ. ಬೆವರಿಗೆ, ಒದ್ದೆ ಕೈಗೆ ಮಾತ್ರ ಬಟ್ಟೆಯಷ್ಟು ಸುಖ ಕಾಗದದಲ್ಲಿಲ್ಲ.

ಜಪಾನಿನವರು ಇದನ್ನು ಬೇರೆಯದೇ ರೀತಿ ಬಗೆಹರಿಸಿಕೊಂಡಿದ್ದಾರೆ. ಅವರ ಜೇಬಿನಲ್ಲಿ ಬಟ್ಟೆ ಇದ್ದೇ ಇರುತ್ತದೆ, ಅದಕ್ಕೆ ‘ಹಂಕಚಿ’ ಅಂತ ಹೆಸರು. ಇಂಗ್ಲಿಷಿನಿಂದ ಹೋದದ್ದೇ. ಅವರು ಅದರಲ್ಲಿ ಕೈ ಒರೆಸಿಕೊಳ್ಳುತ್ತಾರೆ, ಬೆವರು ಒರೆಸಿಕೊಳ್ಳುತ್ತಾರೆ. ಮೂಗಿಗೆ ಮಾತ್ರ ಟಿಶ್ಯೂ. ಮೂಗು ಒರೆಸಿದ ಬಟ್ಟೆಯನ್ನು ಮಡಚಿ ಜೇಬಿಗೆ ಹಾಕುವುದು ಅವರಿಗೆ ಅಸಹ್ಯ.

ಕನ್ನಡದಲ್ಲಿ ತಲೆಕೆಳಗಾದ ಕಥೆ

ಇನ್ನು ನಮ್ಮ ಮನೆಯ ಮಾತಿಗೆ ಬರುತ್ತೇನೆ. ಹಿಂದಿಯಲ್ಲಿ ಹ್ಯಾಂಕಿಗೆ ರುಮಾಲ್ ಅನ್ನುತ್ತಾರೆ. ಅದು ಪಾರ್ಸಿ, ಅಂದರೆ ಪರ್ಷಿಯನ್ ಭಾಷೆಯ ಪದ. ರೂ ಅಂದರೆ ಮುಖ, ಮಾಲ್ ಅಂದರೆ ಒರೆಸುವುದು. ಮುಖ ಒರೆಸುವ ಬಟ್ಟೆ. ಕರ್ಚೀಫಿನಷ್ಟು ತೆಳ್ಳಗೆ, ಮಡಚಿ ತಟ್ಟೆಗೆ ಇಡುವ ರುಮಾಲಿ ರೊಟ್ಟಿಗೂ ಅದೇ ಹೆಸರು. ಹಿಮಾಚಲದ ಚಂಬಾ ರುಮಾಲ್ ಕಸೂತಿಯೂ ಇದೇ ಪದ ಹೊತ್ತಿದೆ.

ಆದರೆ ಕನ್ನಡದವರಿಗೆ ರುಮಾಲು ಅಂದರೆ ಮೊದಲು ನೆನಪಾಗುವುದು ತಲೆಗೆ ಸುತ್ತುವ ಬಟ್ಟೆ. ರುಮಾಲು ಸುತ್ತಿಕೊಂಡು ಕಟ್ಟೆಯ ಮೇಲೆ ಕೂತ ಹಿರಿಯರ ಚಿತ್ರ. ನೋಡಿ ಹೇಗಿದೆ! ಫ್ರೆಂಚರ ತಲೆಬಟ್ಟೆ ನಮ್ಮಲ್ಲಿ ಮೂಗು ಒರೆಸುವ ಕರ್ಚೀಫ್ ಆಯಿತು. ಪಾರ್ಸಿಯವರ ಮುಖ ಒರೆಸುವ ಬಟ್ಟೆ ನಮ್ಮಲ್ಲಿ ತಲೆಗೇರಿ ಕೂತಿತು. ಒಂದು ಇಳಿಯಿತು, ಇನ್ನೊಂದು ಹತ್ತಿತು. ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದು ಚೌಕದ ಬಟ್ಟೆ ಬಿಸಿಲಲ್ಲಿ ತಲೆಗೆ, ಬೆವರಿದಾಗ ಮುಖಕ್ಕೆ, ಧೂಳಿನಲ್ಲಿ ಮೂಗಿಗೆ ಬಂದೇ ಬರುತ್ತದೆ. ಹೆಸರು ಅದರ ಹಿಂದೆ ಹೋಗುತ್ತದೆ, ಅಷ್ಟೇ. ಶಾಲೆಯ ಅಂಗಳದಲ್ಲಿ ಮಕ್ಕಳು ವೃತ್ತದಲ್ಲಿ ಕೂತು, ಯಾರದೋ ಬೆನ್ನ ಹಿಂದೆ ಕರ್ಚೀಫ್ ಹಾಕಿ ಓಡುವ ಆಟಕ್ಕೆ ನಾವು ಇಟ್ಟ ಹೆಸರೂ ಟೋಪಿ ಆಟ! ಇಂಗ್ಲಿಷ್ ಮಕ್ಕಳದ್ದೂ ಇಂಥದ್ದೇ ಆಟ, ಅದರ ಹೆಸರು ‘ಹ್ಯಾಂಡ್‌ಕರ್ಚೀಫ್ ಬೀಳಿಸು’.

ಬಸ್ಸಿನ ಕಿಟಕಿಯಿಂದ ಕರ್ಚೀಫ್ ಎಸೆದು ಸೀಟು ಹಿಡಿಯುವ ನಮ್ಮ ವಿದ್ಯೆಯನ್ನು ಯಾವ ಇಂಗ್ಲಿಷ್ ನಿಘಂಟೂ ಹೇಳಿಕೊಡುವುದಿಲ್ಲ. ರಾಜಕಾರಣಿಗಳು ಕುರ್ಚಿಗೆ ‘ಟವೆಲ್ ಹಾಕುವುದು’ ಅದರದ್ದೇ ದೊಡ್ಡ ಅಳತೆ.

ಅತ್ತೆಯ ದಸ್ತಿ ಬಾಕಿ ಇತ್ತು. ಅದೂ ಪಾರ್ಸಿಯ ಮೂಲದ್ದು. ದಸ್ತ್ ಅಂದರೆ ಕೈ. ಪತ್ರಿಕೆಗಳಲ್ಲಿ ಓದುವ ದಸ್ತಗಿರಿಯಲ್ಲಿ, ನೋಂದಣಿ ಕಚೇರಿಯ ದಸ್ತಾವೇಜಿನಲ್ಲಿ ಇರುವುದು ಇದೇ ಕೈ. ಹೈದರಾಬಾದಿನ ಕಡೆಯ ದಖನಿ ಮಾತಿನಲ್ಲೂ ತೆಲಂಗಾಣದ ತೆಲುಗಿನಲ್ಲೂ ದಸ್ತಿ ಇದೆ. ಅಂದರೆ ಕರವಸ್ತ್ರ, ದಸ್ತಿ ಎರಡೂ ಕೈಯನ್ನೇ ಹಿಡಿದಿವೆ. ಹ್ಯಾಂಕಿಯಲ್ಲೂ ಉಳಿದದ್ದು ಹೆಚ್ಚಾಗಿ ಕೈಯೇ. ಅಷ್ಟು ಉದ್ದದ ಕರ್ಚೀಫಿನಿಂದ ಅದರ ಪಾಲಿಗೆ ಬಂದದ್ದು ಒಂದು ‘ಕ’ ಮಾತ್ರ.

ನಿನ್ನೆ ಬೆಳಿಗ್ಗೆ ಶಾಲೆಯ ವ್ಯಾನ್ ಬರುವ ಹೊತ್ತು. ಪಿನ್ನು ಸಿಕ್ಕಿತ್ತು, ಬಟ್ಟೆ ಸಿಕ್ಕಿರಲಿಲ್ಲ. ‘ದಸ್ತಿ ಎಲ್ಲಿಟ್ಟೀಯ ಬೇ?’ ಅಂತ ಅತ್ತೆ ಒಳಗಿನಿಂದ ಕೂಗಿದರು. ಮಗಳು ಬೂಟು ಹಾಕಿಕೊಳ್ಳುತ್ತಲೇ, ‘ಅಜ್ಜೀ, ನನ್ನ ದಸ್ತಿ ಹ್ಯಾಂಕಿ ನಿಮ್ಮ ದಿಂಬಿನ ಕೆಳಗಿದೆ’ ಅಂದಳು.